ಬಿಲ್ಲಿಗೆ ನಿಂತವನ ಭಯ: ಹಳೆಯ ಷಿಕಾರಿಯ ಅಪಾಯಗಳ ಬಗ್ಗೆ ನಿಮ್ಮ ಹಿರಿಯರು ಏನು ಹೇಳುತ್ತಿದ್ದರು?

ಹೊಸಗದ್ದೆ ಮೊಮ್ಮಗ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವರಾದ ನಮ್ಮ ಅಜ್ಜನಿಗೆ ಈಗ 87 ವರ್ಷ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ರಾಜ್ಯದಲ್ಲಿ ಜಾರಿಗೆ ಬರುವವರೆಗೆ ಅವರು ಊರಿನ ಷಿಕಾರಿ ತಂಡದಲ್ಲಿದ್ದವರು. ಕಾಯ್ದೆ ಬಂದ ಮೇಲೆ ಕೋವಿಯನ್ನು ಗದ್ದೆಗೆ ಬರುವ ಮಂಗಗಳನ್ನು ಬೆದರಿಸಲಷ್ಟೇ ಇಟ್ಟುಕೊಂಡವರು. ಕಳೆದ ತಿಂಗಳು ಮಳೆ ಹಿಡಿದ ಒಂದು ಸಂಜೆ ಅವರೊಂದಿಗೆ ಜಗಲಿಯಲ್ಲಿ ಕುಳಿತಿದ್ದಾಗ, ಕಾಡಿನಲ್ಲಿ ನಿಮಗೆ ಅತಿ ಹೆಚ್ಚು ಭಯವಾದದ್ದು ಯಾವುದಕ್ಕೆ ಎಂದು ಕೇಳಿದೆ. ಹುಲಿ ಎನ್ನುತ್ತಾರೆ, ಇಲ್ಲವೇ ಒಂಟಿ ಸಲಗ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಎಲೆಯಡಿಕೆ ಉಗಿದು ಬಂದು, "ಪಕ್ಕದ ಬಿಲ್ಲಿನವನಿಗೆ" ಎಂದರು.

ಗೊತ್ತಿಲ್ಲದವರಿಗಾಗಿ ಎರಡು ಮಾತು. ನಮ್ಮ ಕಡೆ ಕೆಲವರು ನಾಯಿಗಳೊಂದಿಗೆ ಹಳುವಿಗೆ ನುಗ್ಗಿ ಕೂಗು ಹಾಕುತ್ತಾ ಪ್ರಾಣಿಗಳನ್ನು ಸೋವಿಕೊಂಡು ಬರುತ್ತಿದ್ದರು. ಕೋವಿ ಇದ್ದವರು ಪ್ರಾಣಿ ದಾಟುವ ಕಂಡಿಗಳಲ್ಲಿ ಮರೆಯಾಗಿ ಕಾಯುತ್ತಿದ್ದರು. ಹಾಗೆ ಕಾಯುವ ಜಾಗಕ್ಕೆ ಬಿಲ್ಲು ಎಂದು ಹೆಸರು. ಅಜ್ಜ ಪ್ರತಿ ಸೋವಿಗೂ ಮೊದಲು ಎಲ್ಲರ ಹೆಸರು ಹಿಡಿದು ಕೂಗಿ, ಪ್ರತಿಯೊಬ್ಬನೂ ತಾನು ನಿಂತ ಬಿಲ್ಲಿನಿಂದಲೇ ಓಗೊಟ್ಟ ಮೇಲೆಯೇ ನಾಯಿ ಬಿಡಿಸುತ್ತಿದ್ದರಂತೆ. ಆ ಕೂಗಿಗೆ ಪ್ರಾಣಿ ಎಚ್ಚೆತ್ತು ಓಡಿಹೋಗುತ್ತದೆ ಎಂದು ಎಳೆಯರು ಗೊಣಗಿದರೂ ಅವರು ಆ ಪದ್ಧತಿಯನ್ನು ಬಿಡಲಿಲ್ಲ.

ಬೇಟೆಯನ್ನು ಹೊಗಳುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಕಾಡಿಗೆ ಹೋದವರು ಏನೇನಕ್ಕೆ ಅಂಜುತ್ತಿದ್ದರು, ಆ ಅಂಜಿಕೆಗಳಲ್ಲಿ ನಿಜವೆಷ್ಟು ಎಂಬುದು ಆ ತಲೆಮಾರಿನೊಂದಿಗೆ ಮುಗಿದುಹೋಗುವ ಮೊದಲು ದಾಖಲಾಗಲಿ ಎಂಬ ಆಸೆ ನನ್ನದು. ನಿಮ್ಮ ಹಿರಿಯರಿಂದ ಕೇಳಿದ್ದನ್ನು ತಿಳಿಸಿ.

ನಿವೃತ್ತ ವನರಕ್ಷಕ:

ನಿಮ್ಮ ಅಜ್ಜ ಹೇಳಿದ್ದು ನೂರಕ್ಕೆ ನೂರು ಸತ್ಯ. ನಾನು ಮಲೆನಾಡಿನ ಮೂರು ವಲಯಗಳಲ್ಲಿ 31 ವರ್ಷ ಕೆಲಸ ಮಾಡಿದವನು. ಆ ಅವಧಿಯಲ್ಲಿ ಕದ್ದು ಬೇಟೆಗೆ ಹೋಗಿ ಸತ್ತವರ ಹೆಣಗಳನ್ನು ನಾನು ನೋಡಿದ್ದು ನಾಲ್ಕು ಬಾರಿ. ಆ ನಾಲ್ಕರಲ್ಲಿ ಮೂವರು ಸತ್ತಿದ್ದು ತಮ್ಮದೇ ಜೊತೆಗಾರರ ಈಡಿನಿಂದ. ಪತ್ರಿಕೆಯಲ್ಲಿ "ಹಂದಿಯೆಂದು ಭಾವಿಸಿ ಗುಂಡು" ಎಂಬ ತಲೆಬರಹವನ್ನು ಮಲೆನಾಡಿನ ಮತ್ತು ಕೊಡಗಿನ ಓದುಗರು ಎಷ್ಟೋ ಸಲ ಓದಿರುತ್ತೀರಿ.

ಇದು ಏಕೆ ಆಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಿಲ್ಲಿನಲ್ಲಿ ಒಂದು ಗಂಟೆ ಅಲುಗಾಡದೆ ಕುಳಿತವನ ಕಿವಿ ಮತ್ತು ಕಣ್ಣು ಒಂದೇ ವಸ್ತುವಿಗಾಗಿ ಕಾಯುತ್ತಿರುತ್ತವೆ. ನಾಯಿ ಬೊಗಳಿದ ಕ್ಷಣದಿಂದ ಅವನ ಎದೆ ಹೊಡೆದುಕೊಳ್ಳತೊಡಗುತ್ತದೆ. ಆಗ ಪೊದೆ ಅಲುಗಿದರೆ ಅವನಿಗೆ ಕಾಣುವುದು ಪೊದೆಯಲ್ಲ. ಅವನು ಒಂದು ಗಂಟೆಯಿಂದ ಮನಸ್ಸಿನಲ್ಲಿ ಇಟ್ಟುಕೊಂಡ ಹಂದಿ. ಮೂತಿ, ಬೆನ್ನಿನ ಕೂದಲು, ಕಿವಿ ಎಲ್ಲವೂ ಕಂಡವು ಎಂದು ಪೊಲೀಸರೆದುರು ಅಳುತ್ತಾ ಆಣೆ ಮಾಡಿದವನನ್ನು ನಾನು ಕಂಡಿದ್ದೇನೆ, ಅವನು ಸುಳ್ಳು ಹೇಳುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಎರಡನೆಯ ಕಾರಣ ಪಾಲು. ಮೊದಲ ಈಡು ಯಾರದ್ದೋ ಅವನಿಗೆ ಮಾಂಸದಲ್ಲಿ ವಿಶೇಷ ಪಾಲು ಸಲ್ಲುತ್ತದೆ. ಮಾಂಸಕ್ಕಿಂತ ಹೆಚ್ಚಾಗಿ ಹೆಸರು ಸಲ್ಲುತ್ತದೆ. ಆದ್ದರಿಂದ ಪ್ರಾಣಿ ಪೂರ್ತಿ ಬಯಲಿಗೆ ಬರಲಿ ಎಂದು ಕಾಯುವವನು ಸೋಲುತ್ತಾನೆ, ಸದ್ದಿಗೇ ಹೊಡೆಯುವವನು ಗೆಲ್ಲುತ್ತಾನೆ. ಅವಸರಕ್ಕೆ ಬಹುಮಾನ ಕೊಡುವ ಇಂಥ ಪದ್ಧತಿಯಲ್ಲಿ ಜೀವಹಾನಿ ಆಗದಿದ್ದರೆ ಅದೇ ಆಶ್ಚರ್ಯ.

ಮೂರನೆಯದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು, ನಾರು, ಚರೆಗಳನ್ನು ತುಂಬಿ ಗಜದಿಂದ ಜಡಿಯುವ ಈ ಕೋವಿಯನ್ನು ಹಾರಿಸದೆ ಮನೆಗೆ ತಂದರೆ ಖಾಲಿ ಮಾಡುವುದೇ ಕಷ್ಟ. ಹಾಗಾಗಿ ತುಂಬಿದ ಕೋವಿ ಅಟ್ಟದಲ್ಲೇ ಉಳಿಯುತ್ತದೆ. ಮುಂದಿನ ಸಲ ಅದು ಖಾಲಿಯಿದೆ ಎಂದುಕೊಂಡು ಇನ್ನೊಬ್ಬ ಮತ್ತೆ ಮದ್ದು ತುಂಬಿದರೆ, ನಳಿಗೆ ಸೀಳಿ ಹೋಗುವುದು ಹಾರಿಸಿದವನ ಮುಖದ ಪಕ್ಕದಲ್ಲೇ. ಮಳೆಗಾಲದಲ್ಲಿ ಮದ್ದು ತೇವವಾಗಿ ಕೇಪು (ಮದ್ದಿಗೆ ಕಿಡಿ ತಾಗಿಸುವ ಸಣ್ಣ ಸಿಡಿಮುಚ್ಚಳ) ಮಾತ್ರ ಸಿಡಿದು, ಈಡು ಹಾರಲಿಲ್ಲವೆಂದು ಕೋವಿಯನ್ನು ಕೆಳಗಿಳಿಸಿ ಪಕ್ಕಕ್ಕೆ ತಿರುಗಿಸುವಷ್ಟರಲ್ಲಿ ಮದ್ದು ತಡವಾಗಿ ಹೊತ್ತಿಕೊಳ್ಳುವುದೂ ಉಂಟು.

ಹೀಗೆ ಯಾರಾದರೂ ಸತ್ತರೆ ಅದು ಅಜಾಗರೂಕತೆಯಿಂದ ಉಂಟಾದ ಸಾವು. ಹಿಂದಿನ ದಂಡಸಂಹಿತೆಯಲ್ಲಿ ಅದಕ್ಕೆ ಗರಿಷ್ಠ 2 ವರ್ಷ ಶಿಕ್ಷೆಯಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 5 ವರ್ಷ. ಕದ್ದು ಬೇಟೆಯಾಡಿದ್ದಕ್ಕೆ ಬೇರೆಯೇ ಮೊಕದ್ದಮೆ.

ತಾಲ್ಲೂಕು ವೈದ್ಯೆ:

ವನರಕ್ಷಕರು ಕಾಡಿನೊಳಗೆ ಕಂಡದ್ದರ ಮುಂದಿನ ಭಾಗವನ್ನು ನಾನು ಆಸ್ಪತ್ರೆಯಲ್ಲಿ ಕಂಡಿದ್ದೇನೆ. ಗಾಯಾಳುವನ್ನು ಕರೆತರುವವರು ಮೊದಲು ಹೇಳುವುದು ಸುಳ್ಳನ್ನು. "ಮರದಿಂದ ಬಿದ್ದರು", "ಬೇಲಿಯ ಗೂಟ ಚುಚ್ಚಿತು", "ದನ ಹಾಯಿತು". ಗುಂಡೇಟು ಕಂಡರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು ಎಂಬುದು ಅವರಿಗೂ ಗೊತ್ತು. ಆದ್ದರಿಂದ ಆಸ್ಪತ್ರೆಗೆ ಹೋಗಬೇಕೋ ಬೇಡವೋ ಎಂಬ ಚರ್ಚೆ ಕಾಡಿನಲ್ಲೇ ಆರಂಭವಾಗುತ್ತದೆ. ಗಾಯಾಳು ರಕ್ತ ಕಳೆದುಕೊಳ್ಳುವುದು ಆ ಚರ್ಚೆಯ ಹೊತ್ತಿನಲ್ಲಿ.

ಹಂದಿಯ ಕೋರೆಯ ಬಗ್ಗೆ ಹೇಳುವುದಾದರೆ, ಗಂಡು ಹಂದಿಯ ಕೆಳದವಡೆಯ ಕೋರೆ ಮೇಲಿನದಕ್ಕೆ ಸದಾ ಉಜ್ಜಿಕೊಂಡು ತಾನಾಗಿಯೇ ಮಸೆದುಕೊಂಡಿರುತ್ತದೆ. ಅದು ತಲೆ ತಗ್ಗಿಸಿ ನುಗ್ಗಿ ಮೇಲಕ್ಕೆ ಎತ್ತಿ ಸೀಳುವುದರಿಂದ, ನಿಂತ ಮನುಷ್ಯನಿಗೆ ಗಾಯವಾಗುವುದು ತೊಡೆಯ ಒಳಭಾಗದಲ್ಲಿ. ತೊಡೆಯ ದೊಡ್ಡ ರಕ್ತನಾಳ ಹಾದುಹೋಗುವುದೂ ಅಲ್ಲೇ. ಅದು ಕತ್ತರಿಸಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಗಾಯದ ಮೇಲೆ ಪಂಚೆಯನ್ನೋ ಅಂಗಿಯನ್ನೋ ಒತ್ತಿ ಹಿಡಿದು, ಹಿಡಿದ ಕೈ ಬಿಡದೆ ಕರೆತಂದವರು ಬದುಕಿಸಿದ್ದನ್ನೂ, ಅರಿಶಿನ, ಕಾಫಿಪುಡಿ, ಹೊಗೆಸೊಪ್ಪು ತುಂಬಿ ಕಾದವರು ಕಳೆದುಕೊಂಡದ್ದನ್ನೂ ನೋಡಿದ್ದೇನೆ.

ಆದರೆ ಯಾರೂ ಭಯಪಡದ, ನಿಜವಾಗಿ ಭಯಪಡಬೇಕಾದ ಇನ್ನೊಂದು ಅಪಾಯವಿದೆ. ಅದು ಉಣುಗು. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಇಂದಿಗೂ ಆ ಕಾಯಿಲೆಗೆ ಆ ಊರಿನದೇ ಹೆಸರು. ಅದನ್ನು ಹರಡುವುದು ಹೆಚ್ಚಾಗಿ ಉಣುಗಿನ ಮರಿಗಳು. ಸಾಸಿವೆಗಿಂತ ಚಿಕ್ಕವಾದ ಅವು ಕಚ್ಚಿದ್ದೂ ತಿಳಿಯುವುದಿಲ್ಲ. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ಸುತ್ತಲಿನ ತರಗಲೆಗಳಲ್ಲಿ ತುಂಬಿಕೊಳ್ಳುತ್ತವೆ. ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಕಾಡು ಒಣಗಿ ಓಡಾಡಲು ಹದವಾಗಿರುವ ಕಾಲ. ತರಗಲೆಯ ಮೇಲೆ ಗಂಟೆಗಟ್ಟಲೆ ಅಲುಗಾಡದೆ ಕೂರುವವನಿಗಿಂತ ಸುಲಭವಾದ ಆಹಾರ ಉಣುಗಿಗೆ ಬೇರೆ ಯಾವುದಿದೆ? ಕಚ್ಚಿದ 3ರಿಂದ 8 ದಿನಗಳಲ್ಲಿ ತಲೆ ಸಿಡಿಯುವಂಥ ನೋವು ಮತ್ತು ಜ್ವರ ಬರುತ್ತದೆ. ಸೋಂಕು ತಗುಲಿದ ನೂರು ಜನರಲ್ಲಿ ಮೂವರಿಂದ ಐವರು ಸಾಯುತ್ತಾರೆ. ಕಾಡಿಗೆ ಹೋಗಿದ್ದೆ ಎಂಬುದನ್ನು ಮುಚ್ಚಿಟ್ಟರೆ ವೈದ್ಯರು ಬೇರೆ ಜ್ವರವನ್ನು ಹುಡುಕುತ್ತಾ ಕೂರುತ್ತಾರೆ. ಸೊಪ್ಪಿಗೆ, ಸೌದೆಗೆ ಹೋಗುವ ಬಡವರಿಗೂ ಇದೇ ಅಪಾಯವಿದೆ, ಅವರಾದರೂ ನಿಜ ಹೇಳುತ್ತಾರೆ.

ಕಟುನುಡಿ:

ಕ್ಷಮಿಸಿ, ಈ ಚರ್ಚೆಯೇ ನನಗೆ ವಿಚಿತ್ರವಾಗಿ ಕಾಣುತ್ತಿದೆ. ಕೋವಿ ಹಿಡಿದು ಇನ್ನೊಂದು ಜೀವದ ಮನೆಗೆ ನುಗ್ಗಿದವನ ಭಯದ ಬಗ್ಗೆ ಇಷ್ಟು ಅನುಕಂಪವೇಕೆ? ಹಂದಿಗೆ ಭಯವಿರಲಿಲ್ಲವೇ? ಕಾಡುಕುರಿಗೆ ಇರಲಿಲ್ಲವೇ? ಅಜ್ಜಂದಿರ ಸಾಹಸಗಳನ್ನು ಕೇಳಿ ಬೆಳೆದ ಹುಡುಗರೇ ನಾಳೆ ತಲೆಗೆ ಬ್ಯಾಟರಿ ಕಟ್ಟಿಕೊಂಡು ರಾತ್ರಿ ಕಾಡಿಗೆ ಹೊರಡುತ್ತಾರೆ.

ಹೊಸಗದ್ದೆ ಮೊಮ್ಮಗ:

ನಿಮ್ಮ ಆಕ್ಷೇಪವನ್ನು ಒಪ್ಪುತ್ತೇನೆ. ಆದರೆ ಇಲ್ಲಿಯವರೆಗೆ ಬಂದ ಬರಹಗಳಲ್ಲಿ ಸಾಹಸ ಎಲ್ಲಿದೆ ಎಂದು ದಯವಿಟ್ಟು ಮತ್ತೊಮ್ಮೆ ನೋಡಿ. ಜೊತೆಗಾರನ ಹೆಣ, ಸುಳ್ಳು, ರಕ್ತ, ಉಣುಗು. ಹುಡುಗರನ್ನು ಕಾಡಿಗೆ ಕಳಿಸುವುದು ಮೀಸೆಯ ಮೇಲೆ ಕೈಯಾಡಿಸಿಕೊಂಡು ಹೇಳುವ ಕತೆಗಳು, ಇವಲ್ಲ.

ಕೊಡಗಿನ ತೋಟದಿಂದ:

ನಮ್ಮಲ್ಲಿ ಕೋವಿ ಎಂಬುದು ಮನೆಯ ಸದಸ್ಯನಿದ್ದಂತೆ. ಮಗು ಹುಟ್ಟಿದಾಗ, ಮನೆಯಲ್ಲಿ ಸಾವಾದಾಗ ಕೋವಿ ಹಾರುತ್ತದೆ. ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜೆ ಮಾಡುತ್ತೇವೆ. ಹಿಂದೆ ಆ ಹಬ್ಬದ ಬೆನ್ನಿಗೇ ಊರೆಲ್ಲ ಬೇಟೆಗೆ ಹೊರಡುತ್ತಿತ್ತು, ಈಗ ತೆಂಗಿನಕಾಯಿಗೆ ಗುರಿಯಿಟ್ಟು ಸಮಾಧಾನಪಡುತ್ತೇವೆ. ಹುಲಿಯನ್ನು ಹೊಡೆದವನಿಗೆ ಅದರೊಂದಿಗೆ ಮದುವೆಯಂತೆಯೇ ಶಾಸ್ತ್ರ ಮಾಡುವ ನರಿಮಂಗಲ ಎಂಬ ಪದ್ಧತಿಯೂ ಇತ್ತು. ನಮ್ಮ ಭಾಷೆಯಲ್ಲಿ ನರಿ ಎಂದರೆ ಹುಲಿ. ಹೊರಗಿನವರು ಇದನ್ನು ವಿಜಯೋತ್ಸವ ಎಂದುಕೊಳ್ಳುತ್ತಾರೆ. ನನ್ನ ಅಜ್ಜಿಯ ಅಭಿಪ್ರಾಯ ಬೇರೆಯಿತ್ತು: ಕೊಂದ ಹುಲಿಯೊಂದಿಗೆ ಸಂಬಂಧ ಬೆಳೆಸಿಕೊಂಡರೆ ಅದು ಹಗೆಯಾಗಿ ಕಾಡುವುದಿಲ್ಲ ಎಂದು ಅವರು ಹೇಳುತ್ತಿದ್ದರು. ಅಷ್ಟು ವಾಲಗದ ಸದ್ದಿನ ಅಡಿಯಲ್ಲೂ ಇದ್ದದ್ದು ಅಂಜಿಕೆಯೇ ಎಂದು ನನಗೆ ಈಗ ಅನ್ನಿಸುತ್ತದೆ.

ಭಯ ಕಟ್ಟುಪಾಡಾದ ಇನ್ನೊಂದು ಬಗೆ ನಮ್ಮ ದೇವರಕಾಡುಗಳು. ಹಲವೆಡೆ ಅಲ್ಲಿ ಬೇಟೆಯ ದೇವರಾದ ಅಯ್ಯಪ್ಪನಿರುತ್ತಾನೆ, ಅವನಿಗೆ ಹರಕೆಯಾಗಿ ಒಪ್ಪಿಸಿದ ಮಣ್ಣಿನ ನಾಯಿಗಳು ಮರದ ಬುಡದಲ್ಲಿ ಸಾಲಾಗಿ ಕುಳಿತಿರುತ್ತವೆ. ನಮ್ಮೂರಿನಲ್ಲಿ ಬೇಟೆಗೆ ಹೊರಡುವ ಮೊದಲು ಅವನಿಗೆ ಕೈಮುಗಿಯುತ್ತಿದ್ದರು, ಆದರೆ ಅವನ ಕಾಡಿನೊಳಗೆ ಕೋವಿಯ ಕುದುರೆ (ಕೇಪಿಗೆ ಬಡಿಯುವ ಕೊಕ್ಕೆ) ಏರಿಸುವಂತಿರಲಿಲ್ಲ. ಗಾಯಗೊಂಡ ಹಂದಿ ಆ ಕಾಡನ್ನು ಹೊಕ್ಕರೆ ಬೆನ್ನಟ್ಟುವುದನ್ನು ಅಲ್ಲಿಗೇ ನಿಲ್ಲಿಸಬೇಕಿತ್ತು. ಗಾಯದ ಪ್ರಾಣಿಯನ್ನು ದಟ್ಟ ಪೊದೆಯೊಳಗೆ ಹಿಂಬಾಲಿಸುವುದು ಬೇಟೆಯಲ್ಲೇ ಅತ್ಯಂತ ಅಪಾಯದ ಗಳಿಗೆ ಎಂಬುದನ್ನು ಯೋಚಿಸಿದರೆ, ಆ ಕಟ್ಟುಪಾಡು ಉಳಿಸಿದ್ದು ಹಂದಿಯನ್ನು ಮಾತ್ರವಲ್ಲ.

ನಮ್ಮ ಕಡೆ ಹಂದಿಗಿಂತ ಆನೆಯ ಭಯ ಹೆಚ್ಚು. ನನ್ನ ತಂದೆ ಹಳೆಯ ಬಟ್ಟೆಯ ಚೀಲದಲ್ಲಿ ಒಲೆಯ ಬೂದಿ ತುಂಬಿಕೊಂಡು ನಡೆಯುತ್ತಿದ್ದರು. ನಾಲ್ಕು ಹೆಜ್ಜೆಗೊಮ್ಮೆ ಅದನ್ನು ಬೆರಳಿನಿಂದ ತಟ್ಟಿದರೆ ಬೂದಿ ಹಾರುವ ದಿಕ್ಕಿನಿಂದ ಗಾಳಿ ತಿಳಿಯುತ್ತದೆ. ಆನೆಗೆ ದೃಷ್ಟಿ ಮಂದ, ಆದರೆ ಅದರ ಮೂಗನ್ನು ಮೋಸಗೊಳಿಸಲಾಗದು. ಬೆಳೆದ ಆನೆ ಬಿದಿರುಮೆಳೆಯ ಪಕ್ಕದಲ್ಲಿ ಹತ್ತು ಮಾರು ದೂರದಲ್ಲಿ ನಿಂತಿದ್ದರೂ ಕಾಣುವುದಿಲ್ಲ ಎಂದರೆ ಪೇಟೆಯವರು ನಂಬುವುದಿಲ್ಲ. ಈಗ ಬೆಳಗ್ಗೆ ತೋಟದ ಕೆಲಸಕ್ಕೆ ಹೊರಡುವ ಆಳುಗಳಿಗೆ ಆ ಬೂದಿಚೀಲದ ಅಗತ್ಯ ಬಂದಿದೆ ಎಂಬುದು ಬೇರೆ ಮಾತು.

ಬಳ್ಳಾರಿ ಬಂಡೆ:

ನಿಮ್ಮೆಲ್ಲರ ಕಾಡು ಹಸಿರು, ನಮ್ಮದು ಕಲ್ಲು. ನಮ್ಮ ಕಡೆಯ ಗುಡ್ಡಗಳಲ್ಲಿ ಹಿಂದಿನವರು ಹೋಗುತ್ತಿದ್ದದ್ದು ಹೆಚ್ಚಾಗಿ ಮೊಲ, ಕವುಜುಗಗಳಿಗೆ, ಬಲೆ ಮತ್ತು ಬಡಿಗೆ ಹಿಡಿದು. ಅಷ್ಟು ಸಣ್ಣ ಬೇಟೆಗೆ ಹೋದವರೂ ಮುಖ ಕಳೆದುಕೊಂಡು ಬಂದಿದ್ದಾರೆ. ಮುಖ ಕಳೆದುಕೊಂಡು ಎಂಬುದು ಅಲಂಕಾರದ ಮಾತಲ್ಲ. ಕರಡಿ ಹೊಡೆಯುವುದು ಮುಖಕ್ಕೆ ಮತ್ತು ತಲೆಗೆ. ನಮ್ಮ ಊರಿನಲ್ಲಿ ನಾನು ಚಿಕ್ಕವನಿದ್ದಾಗ ಟವೆಲ್ಲಿನಿಂದ ಅರ್ಧ ಮುಖ ಮುಚ್ಚಿಕೊಂಡೇ ಓಡಾಡುತ್ತಿದ್ದ ಒಬ್ಬ ಹಿರಿಯರಿದ್ದರು.

ಕರಡಿ ಮಾಂಸಕ್ಕಾಗಿ ಮನುಷ್ಯನ ಮೇಲೆ ಬೀಳುವ ಪ್ರಾಣಿಯಲ್ಲ. ಅದರ ಊಟ ಗೆದ್ದಲು, ಜೇನು, ಕಾರೆ, ಬಾರೆ, ಸೀತಾಫಲ. ಹಾಗಿದ್ದೂ ಅದು ಓಡಿಹೋಗದೆ ಎದುರಿಗೇ ಬೀಳುವುದು ಏಕೆ? ಹುಲಿ ಚಿರತೆಗಳಿರುವ ನೆಲದಲ್ಲಿ ಬೆಳೆದು ಬಂದ ಜಾತಿ ಅದು. ಗೆದ್ದಲ ಹುತ್ತ ಬಗೆಯಲು ಬೆಳೆಸಿಕೊಂಡ ಉದ್ದನೆಯ ಉಗುರುಗಳಿಂದಾಗಿ, ಹುಲಿಗೆ ಬೆನ್ನು ತೋರಿಸಿ ಓಡಿ ಪಾರಾಗುವುದಕ್ಕಿಂತ ಮೊದಲೇ ಮೇಲೆ ಬಿದ್ದು ಬೆದರಿಸುವುದೇ ಅದಕ್ಕೆ ಒಗ್ಗಿದ ದಾರಿ. ತಾಯಿ ಕರಡಿಯಾದರೆ ಬೆನ್ನ ಮೇಲೆ ಮರಿಗಳಿರುತ್ತವೆ. ಅದರ ಕಣ್ಣು ಮಂದ. ತಲೆ ಹುತ್ತದೊಳಗೆ ಇದ್ದಾಗ ಗೆದ್ದಲನ್ನು ಹೀರುವ ತನ್ನದೇ ಸದ್ದಿನಲ್ಲಿ ಅದಕ್ಕೆ ಹೊರಗಿನ ಸದ್ದು ಕೇಳಿಸುವುದಿಲ್ಲ. ಬೇಟೆಗಾರ ಸದ್ದಿಲ್ಲದೆ, ಗಾಳಿಗೆದುರಾಗಿ ನಡೆಯುವುದನ್ನೇ ಕಲಿತವನಲ್ಲವೇ? ಕರಡಿಯ ನಾಡಿನಲ್ಲಿ ಆ ಕಲಿಕೆಯೇ ಅವನನ್ನು ಕೊಲ್ಲುತ್ತದೆ. ನಮ್ಮ ಕುರಿಗಾಹಿಗಳು ಬಂಡೆಗಳ ಸಂದಿಯಲ್ಲಿ ಹೋಗುವಾಗ ಕೋಲಿನಿಂದ ಕಲ್ಲು ಕುಟ್ಟುತ್ತಾ, ಹಾಡು ಹೇಳುತ್ತಾ ಹೋಗುತ್ತಾರೆ. ಅವರಿಗೆ ಕರಡಿ ಸಿಗುವುದು ಕಡಿಮೆ.

1994ರಲ್ಲಿ ದರೋಜಿಯಲ್ಲಿ ಕರಡಿಧಾಮ ಆದ ಮೇಲೆ ನಮ್ಮ ಮಕ್ಕಳು ಅದೇ ಪ್ರಾಣಿಯನ್ನು ವೀಕ್ಷಣಾ ಗೋಪುರದ ಮೇಲೆ ನಿಂತು ನೋಡುತ್ತಾರೆ. ನನಗೆ ಈಗಲೂ ಅಲ್ಲಿ ನಿಂತರೆ ಆ ಟವೆಲ್ಲು ನೆನಪಾಗುತ್ತದೆ.

ಶಾಸನಪ್ರಿಯ:

ಹಂದಿಯ ಮಾತು ಬಂದದ್ದರಿಂದ ಹತ್ತನೆಯ ಶತಮಾನದ ಒಂದು ದಾಖಲೆಯನ್ನು ಇಲ್ಲಿ ನೆನಪಿಸಬೇಕು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಶಕವರ್ಷ 872ರ, ಅಂದರೆ ಕ್ರಿ.ಶ. 949-50ರ ಶಾಸನವಿದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ಚೋಳರನ್ನು ಸೋಲಿಸಿದಾಗ ಗಂಗರ ಇಮ್ಮಡಿ ಬೂತುಗ ಅವನ ಪಕ್ಕದಲ್ಲಿದ್ದ. ಬೂತುಗನ ಕಡೆಯ ಮಣಲೆರ ಎಂಬ ವೀರನ ಪರಾಕ್ರಮವನ್ನು ಮೆಚ್ಚಿ, ಬೇಕಾದ್ದನ್ನು ಕೇಳು ಎಂದು ರಾಜ ಹೇಳಿದಾಗ, ಮಣಲೆರ ಊರನ್ನೂ ಕೇಳಲಿಲ್ಲ, ಹೊನ್ನನ್ನೂ ಕೇಳಲಿಲ್ಲ. ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ, ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಪೂಜಾರಿಗೆ ನಾಯಿಯ ಪಾಪ ತಟ್ಟುತ್ತದೆ ಎಂಬ ಎಚ್ಚರಿಕೆಯೂ ಶಾಸನದಲ್ಲಿದೆ. ಹಂದಿಯ ಮೇಲೆ ಎರಗುತ್ತಿರುವ ನಾಯಿಯ ಚಿತ್ರವನ್ನು ಕಲ್ಲಿನ ಮೇಲೆ ಕೆತ್ತಿದ್ದಾರೆ.

ನನ್ನ ಗಮನ ಸೆಳೆದದ್ದು ಒಂದು ಸಂಗತಿ. ಅದೇ ಕಲ್ಲಿನಲ್ಲಿ ದೊಡ್ಡ ಯುದ್ಧದ ವಿವರವೂ ಇದೆ, ರಾಜಾದಿತ್ಯ ಚೋಳ ಸತ್ತದ್ದೂ ಇದೆ. ಅಂಥ ಯುದ್ಧದಿಂದ ಗೆದ್ದು ಬಂದವನಿಗೂ ಒಂದು ಹಂದಿಯ ಎದುರಿನ ಸಾವು ಕಲ್ಲಿನಲ್ಲಿ ಬರೆಸುವಷ್ಟು ದೊಡ್ಡದಾಗಿ ಕಂಡಿತು. ಬೇಟೆಯ ಅಪಾಯದ ಮೊದಲ ಪೆಟ್ಟನ್ನು ತಿಂದದ್ದು ಯಾವಾಗಲೂ ನಾಯಿ ಮತ್ತು ಹಳು ನುಗ್ಗುವ ಆಳು. ಕಲ್ಲು ಸಿಕ್ಕಿದ್ದು ಮಾತ್ರ ಅಪರೂಪಕ್ಕೆ.

ಹೊಸಗದ್ದೆ ಮೊಮ್ಮಗ:

ಈ ಎಲ್ಲವನ್ನೂ ಅಜ್ಜನಿಗೆ ಓದಿ ಹೇಳುತ್ತೇನೆ. ಈ ನಡುವೆ ಅವರು ಹೇಳಿದ ಇನ್ನೊಂದು ಭಯವನ್ನು ಬರೆದುಬಿಡುತ್ತೇನೆ: ದಿಕ್ಕು ತಪ್ಪುವುದು. ಕಾಡಿನಲ್ಲಿ ಮರುಳುಬಳ್ಳಿ ಎಂಬ ಒಂದು ಬಳ್ಳಿಯಿದೆ, ಅದನ್ನು ತಿಳಿಯದೆ ದಾಟಿದವನಿಗೆ ಬುದ್ಧಿ ಮರುಳಾಗಿ ಬಂದ ದಾರಿಯಲ್ಲೇ ಸುತ್ತುತ್ತಿರುತ್ತಾನೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಅಜ್ಜ ಒಮ್ಮೆ ಮೋಡ ಕವಿದ ಮಧ್ಯಾಹ್ನ ತಂಡದಿಂದ ಬೇರೆಯಾಗಿ, ತಾನೇ ಕಡಿದಿಟ್ಟ ಕೊಂಬೆಯ ಗುರುತಿಗೆ ಮೂರು ಸಲ ಮರಳಿ ಬಂದರಂತೆ. ಮೂರನೆಯ ಸಲ ಆ ಕೊಂಬೆ ಕಂಡಾಗ ಓಡಬೇಕು ಅನ್ನಿಸಿತು, ಯಾವ ಕಡೆಗೆ ಎಂಬುದು ಮುಖ್ಯವಾಗಿರಲಿಲ್ಲ, ಓಡಬೇಕು ಅಷ್ಟೇ ಎಂದರು. ಹಿರಿಯರು ಹೇಳಿಕೊಟ್ಟ ಪರಿಹಾರ ನೆನಪಾಗಿ, ಅಲ್ಲೇ ಕುಳಿತು, ಎಲೆಯಡಿಕೆ ಹಾಕಿಕೊಂಡು, ಕಂಬಳಿಯನ್ನು ಮಗುಚಿ ಹೊದ್ದುಕೊಂಡರು. ಬಾಯಿ ಕೆಂಪಾಗುವಷ್ಟರಲ್ಲಿ ದೂರದಲ್ಲಿ ಹಳ್ಳದ ಸದ್ದು ಕೇಳಿಸಿತು. ಹಳ್ಳ ಮೊದಲಿನಿಂದಲೂ ಹರಿಯುತ್ತಲೇ ಇತ್ತು ಎನ್ನುವಾಗ ಅವರು ಈಗಲೂ ನಗುತ್ತಾರೆ.

ಮಿನ್ನೆಸೋಟದ ಮಲೆನಾಡಿಗ:

ನಾನು ಅಮೆರಿಕದಲ್ಲಿ ನೆಲೆಸಿರುವ ಶೃಂಗೇರಿ ಕಡೆಯವನು. ಮರುಳುಬಳ್ಳಿಯ ವಿಷಯದಲ್ಲಿ ನಿಮ್ಮ ಅಜ್ಜನ ಅನುಭವಕ್ಕೆ ಪ್ರಯೋಗದ ಬೆಂಬಲವಿದೆ. ಜರ್ಮನಿಯ ಸಂಶೋಧಕರು ಜನರನ್ನು ದಟ್ಟ ಕಾಡಿನಲ್ಲಿ ನೇರವಾಗಿ ನಡೆಯಲು ಹೇಳಿ, ಅವರ ಜಾಡನ್ನು ಉಪಗ್ರಹದ ನೆರವಿನಿಂದ ಗುರುತಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೂರ್ಯ ಕಾಣುತ್ತಿದ್ದಾಗ ಜನ ಹೆಚ್ಚುಕಡಿಮೆ ನೇರವಾಗಿಯೇ ನಡೆದರು. ಮೋಡ ಕವಿದ ದಿನ ನಡೆದವರು ತಮಗೇ ತಿಳಿಯದಂತೆ ಸುತ್ತು ಹಾಕಿ, ತಾವೇ ತುಳಿದ ದಾರಿಯನ್ನು ಮತ್ತೆ ಹಾದುಹೋದರು. ಅಲ್ಲಿ ಮರುಳುಬಳ್ಳಿ ಇರಲಿಲ್ಲ. ಕುಳಿತು ಎಲೆಯಡಿಕೆ ಹಾಕಿಕೊಳ್ಳುವ ಪರಿಹಾರ ಇಲ್ಲಿ ಕಾಡಿಗೆ ಹೋಗುವವರಿಗೆ ಕಲಿಸುವ ಮೊದಲ ಪಾಠಕ್ಕೆ ಬಹಳ ಹತ್ತಿರದ್ದು: ದಾರಿ ತಪ್ಪಿದೆ ಎಂದು ತಿಳಿದ ಕೂಡಲೇ ನಿಲ್ಲು.

ಇಲ್ಲಿ ಜಿಂಕೆ ಬೇಟೆ ಕಾನೂನಿನ ಚೌಕಟ್ಟಿನಲ್ಲಿ, ಪರವಾನಗಿ ಮತ್ತು ತರಬೇತಿಯೊಂದಿಗೆ ನಡೆಯುತ್ತದೆ. ನಾನು ಹೋಗುವುದಿಲ್ಲ, ನನ್ನ ಸಹೋದ್ಯೋಗಿಗಳು ಹೋಗುತ್ತಾರೆ. ಕೋವಿಯ ಬೇಟೆಯ ಕಾಲದಲ್ಲಿ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಡಬೇಕೆಂಬ ನಿಯಮ ಇಲ್ಲಿಯ ಬಹುತೇಕ ರಾಜ್ಯಗಳಲ್ಲಿದೆ. ಜಿಂಕೆಯ ಕಣ್ಣಿಗೆ ಆ ಬಣ್ಣ ಎದ್ದು ಕಾಣುವುದಿಲ್ಲ, ಮನುಷ್ಯನ ಕಣ್ಣಿಗೆ ಎದ್ದು ಕಾಣುತ್ತದೆ. ಅಂದರೆ ಇವರೂ ಹೆಚ್ಚು ಅಂಜುವುದು ಪಕ್ಕದ ಬಿಲ್ಲಿನವನಿಗೇ. ನಮ್ಮ ಕಡೆ ಕದ್ದು ಹೋಗುವವರು ಯಾರ ಕಣ್ಣಿಗೂ ಬೀಳಬಾರದೆಂದು ಕಪ್ಪು ಕಂಬಳಿ ಹೊದ್ದು ಹೋಗುತ್ತಾರೆ. ಹಾಗೆ ಹೊದ್ದು ಬಗ್ಗಿ ನಡೆದವನು ಮುಸ್ಸಂಜೆಯಲ್ಲಿ ಯಾವ ಪ್ರಾಣಿಯಂತೆ ಕಾಣುತ್ತಾನೆ ಎಂದು ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಇಲ್ಲಿ ಬೇಟೆಗಾರರು ಗಾಯಗೊಳ್ಳುವ ಮುಖ್ಯ ಕಾರಣಗಳಲ್ಲಿ ಒಂದು, ಮರಕ್ಕೆ ಕಟ್ಟಿದ ಅಟ್ಟಣೆಯಿಂದ ಬೀಳುವುದು. ನಮ್ಮಲ್ಲಿ ಮರಸಿಗೆ, ಅಂದರೆ ಮರದ ಮೇಲೆ ಮರೆಯಾಗಿ ಪ್ರಾಣಿಗೆ ಕಾಯಲು, ಕೂರುತ್ತಿದ್ದವರು ನಿದ್ದೆ ತೂಗಿ ಬಿದ್ದ ಕತೆಗಳನ್ನು ಯಾರಾದರೂ ಕೇಳಿದ್ದೀರಾ?

ಮೂಡಿಗೆರೆ ಕಾಫಿ:

ಮರಸಿನಿಂದ ಬಿದ್ದವರನ್ನು ನಾನು ಕಂಡಿಲ್ಲ. ಬಿಲದೊಳಗೆ ಹೊಕ್ಕು ಬಾರದವರ ವಿಷಯ ಗೊತ್ತು. ಮುಳ್ಳುಹಂದಿ ಉದ್ದನೆಯ, ಕವಲೊಡೆದ ಬಿಲದಲ್ಲಿ ಹಗಲು ಮಲಗಿರುತ್ತದೆ. ಅದನ್ನು ಹಿಡಿಯುವವರು ಬಿಲದ ಬಾಯಿಗೆ ಬೆಂಕಿಯಿಟ್ಟು ಹೊಗೆ ಊದಿ, ಅದು ಹೊರಬಾರದಿದ್ದಾಗ ಒಳಗೆ ಸತ್ತಿದೆ ಎಂದುಕೊಂಡು ತೆವಳಿಕೊಂಡು ಒಳಹೋಗುತ್ತಾರೆ. ಕಣ್ಣಿಗೆ ಹೊಗೆ ಕಾಣದಿದ್ದರೂ ಬೆಂಕಿಯಿಂದ ಹುಟ್ಟಿದ ವಿಷಾನಿಲ ಬಿಲದೊಳಗೆ ಉಳಿದಿರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಳಹೋದವನ ಕಾಲು ಅಲುಗಾಡುವುದು ನಿಂತಿತೆಂದು ಎಳೆಯಲು ಇನ್ನೊಬ್ಬ ಹೋಗುತ್ತಾನೆ, ಅವನೂ ಅಲ್ಲೇ ಉಳಿಯುತ್ತಾನೆ. ನಮ್ಮ ಪಕ್ಕದ ತೋಟದ ಲೈನಿನಲ್ಲಿ (ಕೂಲಿಯಾಳುಗಳ ಮನೆಸಾಲಿನಲ್ಲಿ) ಒಂದೇ ಮನೆಯ ಅಣ್ಣತಮ್ಮಂದಿರು ಹೀಗೆ ಹೋದ ಮೇಲೆ, ನಮ್ಮ ತಂದೆ ತೋಟದೊಳಗಿನ ಬಿಲಗಳ ಬಾಯಿಗೆಲ್ಲ ಮುಳ್ಳು ಹಾಕಿಸಿದರು.

ಹಂದಿಗೆಂದು ಗದ್ದೆಯ ಬೇಲಿಗೆ ಕರೆಂಟು ಹಾಯಿಸುವವರ ಬಗ್ಗೆ ಪ್ರತ್ಯೇಕವಾಗಿ ಬರೆಯುವ ತಾಳ್ಮೆ ನನಗಿಲ್ಲ. ಅದು ಬೇಟೆಯಲ್ಲ, ಕೊಲೆಗೆ ಹೊಂಚು. ಹಾಯಿಸಿದವನೇ ಬೆಳಗಿನ ನಿದ್ದೆಗಣ್ಣಿನಲ್ಲಿ ತಂತಿ ತುಳಿದು ಸತ್ತದ್ದೂ ಇದೆ.

ನಿವೃತ್ತ ವನರಕ್ಷಕ:

ಕಟುನುಡಿಯವರು ತಲೆಗೆ ಕಟ್ಟುವ ಬ್ಯಾಟರಿಯ ಮಾತೆತ್ತಿದ್ದರು. ಅದಕ್ಕೆ ಒಂದು ವಿವರ ಸೇರಿಸುತ್ತೇನೆ. ರಾತ್ರಿ ಬೇಟೆಯವರಲ್ಲಿ ಒಂದು ಧೈರ್ಯವಿದೆ: "ಬೆಳಕು ಬಿಟ್ಟಾಗ ಹೊಳೆಯುವುದು ಪ್ರಾಣಿಯ ಕಣ್ಣು ಮಾತ್ರ, ಮನುಷ್ಯನದು ಹೊಳೆಯುವುದಿಲ್ಲ, ಹಾಗಾಗಿ ಗುರಿ ತಪ್ಪುವ ಪ್ರಶ್ನೆಯೇ ಇಲ್ಲ." ಮಾತಿನ ಮೊದಲ ಅರ್ಧ ಸರಿ. ಜಿಂಕೆ, ಕಡವೆ, ಚಿರತೆಗಳ ಕಣ್ಣಿನೊಳಗೆ ಬೆಳಕನ್ನು ಕನ್ನಡಿಯಂತೆ ಮರಳಿಸುವ ಪದರವಿದೆ, ನಮಗಿಲ್ಲ. ಆದರೆ ಅದರ ಅರ್ಥವೇನು? ಕಡವೆಯ ಕಣ್ಣು ಹೊಳೆಯುತ್ತದೆ. ಅದರ ಹಿಂದಿನ ಕಾಲುದಾರಿಯಲ್ಲಿ ಬರುತ್ತಿರುವ ಮನುಷ್ಯ ಕತ್ತಲಾಗಿಯೇ ಉಳಿಯುತ್ತಾನೆ. ಗುಂಡಿಗೆ ಕಡವೆಯ ಹತ್ತಿರ ನಿಲ್ಲಬೇಕೆಂಬ ನಿಯಮವಿಲ್ಲ. ಕಟ್ಟಿಹಾಕಿದ ದನದ ಕಣ್ಣೂ ಹೊಳೆಯುತ್ತದೆ ಎಂಬುದನ್ನು ಅವರೇ ದನದ ಯಜಮಾನನಿಗೆ ಹಣ ಕೊಟ್ಟು ಕಲಿತಿರುತ್ತಾರೆ.

ಕತ್ತಲಲ್ಲಿ ಅಂಥವರನ್ನು ಹುಡುಕಿ ಹೋಗುವ ನಮ್ಮ ಭಯವನ್ನೂ ಹೇಳಿಬಿಡುತ್ತೇನೆ. ನಮ್ಮ ಕೈಯಲ್ಲಿ ಬಹಳಷ್ಟು ಸಲ ಇರುತ್ತಿದ್ದದ್ದು ಲಾಠಿ ಮತ್ತು ಟಾರ್ಚು. ಎದುರಿನವನ ಕೈಯಲ್ಲಿ ತುಂಬಿದ ಕೋವಿ. ಹೊಡೆದದ್ದು ವನ್ಯಜೀವಿ ಕಾಯ್ದೆಯ ಒಂದನೆಯ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯಿರುವ ಪಟ್ಟಿಯ, ಪ್ರಾಣಿಯಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲೆಂದು ಅವನಿಗೆ ಗೊತ್ತು. ಟಾರ್ಚು ಹಾಕಿದರೆ ನಾನು ಎಲ್ಲಿದ್ದೇನೆಂದು ಅವನಿಗೆ ತಿಳಿಯುತ್ತದೆ, ಹಾಕದಿದ್ದರೆ ನನ್ನನ್ನು ಪ್ರಾಣಿ ಎಂದುಕೊಂಡಾನು. ಅಂಥ ರಾತ್ರಿಗಳಲ್ಲಿ ನಾನು ಗಟ್ಟಿಯಾಗಿ ಕೆಮ್ಮುತ್ತಿದ್ದೆ. ಕಳ್ಳ ತಪ್ಪಿಸಿಕೊಂಡರೂ ಸರಿ, ನಾನು ಮನುಷ್ಯ ಎಂಬುದು ಮೊದಲು ತಿಳಿಯಲಿ ಎಂದು. ಮೇಲಧಿಕಾರಿಗಳು ಇದನ್ನು ಒಪ್ಪುತ್ತಿರಲಿಲ್ಲ, ನನ್ನ ಹೆಂಡತಿ ಒಪ್ಪುತ್ತಿದ್ದಳು.

ಹೊಸಗದ್ದೆ ಮೊಮ್ಮಗ:

ನಿನ್ನೆ ರಾತ್ರಿ ಎಲ್ಲವನ್ನೂ ಅಜ್ಜನಿಗೆ ಓದಿದೆ. ವೈದ್ಯರ ಬರಹವನ್ನು ಎರಡು ಸಲ ಓದಿಸಿದರು. ಅವರ ಕಾಲದಲ್ಲಿ ಊರಿನ ಇಬ್ಬರು ತಲೆನೋವಿನ ಜ್ವರದಿಂದ ಸತ್ತಾಗ, ಚೌಡಿಯ ಬನದ ಹತ್ತಿರ ಬಿಲ್ಲು ಹಾಕಿದ್ದಕ್ಕೇ ಹೀಗಾಯಿತು ಎಂದು ಕೋಳಿ ಕೊಟ್ಟಿದ್ದರಂತೆ. ಆ ಬನದಲ್ಲಿ ಅದೇ ವರ್ಷ ಮಂಗಗಳು ಸತ್ತು ಬಿದ್ದಿದ್ದವು ಎಂಬುದು ಈಗ ನೆನಪಿಗೆ ಬಂದು, ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು.

ಮರಸಿನ ಪ್ರಶ್ನೆಗೆ ಅವರ ಉತ್ತರ: ಸೊಂಟಕ್ಕೂ ಮರಕ್ಕೂ ಸೇರಿಸಿ ಪಂಚೆಯಿಂದ ಕಟ್ಟಿಕೊಳ್ಳುತ್ತಿದ್ದರು, ಆದ್ದರಿಂದ ಬಿದ್ದವರಿಲ್ಲ, ಕೈಯಿಂದ ಜಾರಿ ಬಿದ್ದ ಕೋವಿಗಳಿದ್ದವು, ಅದು ಇನ್ನೂ ಕೆಟ್ಟದ್ದು. ಹೆಸರು ಕೂಗುವ ಪದ್ಧತಿ ಏಕೆ ಶುರುವಾಯಿತು ಎಂದೂ ಕೇಳಿದೆ. ಒಮ್ಮೆ ಅವರ ಬಿಲ್ಲಿನ ಎದುರು ಲಂಟಾನದ ಮೆಳೆ ಅಲುಗಿತು, ನಾಯಿಗಳು ಆ ಕಡೆಗೇ ಬರುತ್ತಿದ್ದವು. ಕುದುರೆ ಏರಿಸಿ ಗುರಿ ಹಿಡಿದರು. ಕೇಪು ಸಿಡಿಯಿತು, ಮದ್ದು ಹೊತ್ತಲಿಲ್ಲ. ಮೆಳೆಯಿಂದ ಎದ್ದು ಬಂದದ್ದು ಎಲೆಯಡಿಕೆ ಮುಗಿಯಿತೆಂದು ಬಿಲ್ಲು ಬಿಟ್ಟು ಕೇಳಲು ಬರುತ್ತಿದ್ದ ಅವರ ಭಾವ. ಆ ಸಂಗತಿಯನ್ನು ಅಜ್ಜ ಭಾವನಿಗೆ ಕೊನೆಯವರೆಗೂ ಹೇಳಲಿಲ್ಲ. ಎಲೆಯಡಿಕೆ ಕೊಟ್ಟು ಕಳಿಸಿದೆ ಎಂದರು.

ಆಮೇಲೆ ಶಾಸನದ ಕಾಳಿಯ ವಿಷಯಕ್ಕೆ ಬಂದು, ತಮ್ಮ ನಾಯಿಗಳಲ್ಲಿ ಹಂದಿಗೆ ಸಿಕ್ಕಿ ಸತ್ತವುಗಳ ಹೆಸರು ಹೇಳಿದರು: ಬೋಳ, ಚಿನ್ನಿ, ಟೈಗರ್, ದೊಡ್ಡ ಕಾಳ, ಸಣ್ಣ ಕಾಳ. ಹೊಡೆದ ಹಂದಿಗಳ ಲೆಕ್ಕ ಕೇಳಿದರೆ ಅವರಿಗೆ ನೆನಪಿಲ್ಲ. ಆತಕೂರಿನ ಕಲ್ಲಿಗೆ ಈಗಲೂ ಪೂಜೆ ಆಗುತ್ತದೆಯೇ ಎಂದು ಕೇಳುತ್ತಿದ್ದಾರೆ. ಶಾಸನಪ್ರಿಯರು ದಯವಿಟ್ಟು ತಿಳಿಸಬೇಕು.

ಶಾಸನಪ್ರಿಯ:

ಆ ಕಲ್ಲನ್ನು ಬಹಳ ಹಿಂದೆಯೇ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದಿದ್ದಾರೆ. ಅಲ್ಲಿ ಪೂಜೆ ಇಲ್ಲ. ಅಜ್ಜನವರು ಬೆಂಗಳೂರಿಗೆ ಬರುವುದಿದ್ದರೆ ಮೊದಲೇ ತಿಳಿಸಿ, ನಾನು ಬಾಗಿಲಲ್ಲಿ ಕಾಯುತ್ತೇನೆ. ಅಕ್ಷರಗಳನ್ನು ಅವರಿಗೆ ಬಿಡಿಸಿ ಓದಿ ಹೇಳುತ್ತೇನೆ.